ಬ್ರೌನಿಯನ್ ಚಲನೆ: ಬಿಸಿ ನೀರಿನಲ್ಲಿ ಕಣಗಳು ಹೆಚ್ಚು ಅಲೆಯುವುದೇಕೆ?

ದ್ರವದಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳು, ಯಾವ ಹರಿವೂ ಇಲ್ಲದಿರುವಾಗಲೂ, ಗೊತ್ತುಗುರಿಯಿಲ್ಲದೆ ಸದಾ ಅತ್ತಿತ್ತ ಅಲುಗುತ್ತಿರುವುದಕ್ಕೆ ಬ್ರೌನಿಯನ್ ಚಲನೆ ಎಂದು ಹೆಸರು. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ಕ್ಲಾರ್ಕಿಯಾ ಎಂಬ ಗಿಡದ ಪರಾಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವಾಗ ಇದನ್ನು ಗಮನಿಸಿದರು. ಅಲುಗಿದ್ದು ಪರಾಗರೇಣುಗಳೇ ಎಂದು ಅನೇಕ ಕಡೆ ಬರೆದಿರುತ್ತದೆ, ಅದು ಸರಿಯಲ್ಲ. ಬ್ರೌನ್ ಕಂಡದ್ದು ರೇಣುಗಳ ಒಳಗಿನ, ಇನ್ನೂ ಬಹಳ ಸಣ್ಣ ಕಣಗಳ ಚಲನೆಯನ್ನು. ಇದು ಜೀವದ ಲಕ್ಷಣವಿರಬಹುದೇ ಎಂಬ ಸಂದೇಹವನ್ನು ಅವರೇ ಗಾಜಿನ ಮತ್ತು ಕಲ್ಲಿನ ಪುಡಿಯನ್ನು ಪರೀಕ್ಷಿಸಿ ಬಗೆಹರಿಸಿದರು.

ಕಣವನ್ನು ಸುತ್ತುವರಿದ ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಅದಕ್ಕೆ ಬಡಿಯುತ್ತಿರುತ್ತವೆ. ಈ ಬಡಿತಗಳು ಯಾವ ಕ್ಷಣದಲ್ಲೂ ಪೂರ್ತಿ ಸಮನಾಗಿರುವುದಿಲ್ಲವಾದ್ದರಿಂದ ಕಣ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿಯುತ್ತದೆ. 1905ರಲ್ಲಿ ಐನ್‌ಸ್ಟೈನ್ ಇದಕ್ಕೆ ಗಣಿತದ ರೂಪ ಕೊಟ್ಟರು. ಅದನ್ನು ಪ್ರಯೋಗಗಳಿಂದ ದೃಢಪಡಿಸಿದ ಫ್ರಾನ್ಸಿನ ಜ್ಯಾಂ ಪೆರ‍್ಯಾಂ ಅವರಿಗೆ 1926ರ ನೊಬೆಲ್ ಬಹುಮಾನ ಬಂತು.

ಉಷ್ಣತೆ ಏರಿದರೆ ಅಣುಗಳ ವೇಗ ಹೆಚ್ಚುತ್ತದೆ, ಆದ್ದರಿಂದ ಕಣಗಳೂ ಹೆಚ್ಚು ಚಲಿಸುತ್ತವೆ ಎಂಬುದು ಸಾಮಾನ್ಯವಾಗಿ ಸಿಗುವ ವಿವರಣೆ. ಅದು ನಿಜ, ಆದರೆ ನಿಜದ ಸಣ್ಣ ಪಾಲು ಮಾತ್ರ. ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಕಾಯಿಸಿದರೆ ನಮಗೆ ಅದು ನಾಲ್ಕು ಪಟ್ಟು ಬಿಸಿಯಾದಂತೆ ತೋರಬಹುದು. ಇಲ್ಲಿ ಲೆಕ್ಕಕ್ಕೆ ಬರುವ, ಸೊನ್ನೆಗಿಂತ ಕೆಳಗೆ 273 ಡಿಗ್ರಿಯಷ್ಟಿರುವ ಅತಿ ಕನಿಷ್ಠ ಉಷ್ಣತೆಯಿಂದ ಎಣಿಸುವ ಕೆಲ್ವಿನ್ ಮಾನದಲ್ಲಾದರೋ ಅದು 293ರಿಂದ 353ಕ್ಕೆ, ಎಂದರೆ ಶೇಕಡಾ 20ರಷ್ಟು ಏರಿಕೆಯಷ್ಟೇ. ಅಣುಗಳ ಸರಾಸರಿ ವೇಗವಂತೂ ಹೆಚ್ಚುವುದು ಶೇಕಡಾ 10ರಷ್ಟು ಮಾತ್ರ.

ಹೆಚ್ಚಿನ ಕೆಲಸ ಮಾಡುವುದು ಸ್ನಿಗ್ಧತೆ, ಅಂದರೆ ದ್ರವವು ತನ್ನೊಳಗಿನ ಚಲನೆಗೆ ಒಡ್ಡುವ ತಡೆ. ನೀರಿನ ಅಣುಗಳನ್ನು ಪರಸ್ಪರ ಹಿಡಿದಿಡುವ ಹೈಡ್ರೋಜನ್ ಬಂಧಗಳು ಶಾಖದಿಂದ ಸಡಿಲಗೊಳ್ಳುವುದರಿಂದ, 80 ಡಿಗ್ರಿಯಲ್ಲಿ ಈ ತಡೆ 20 ಡಿಗ್ರಿಯಲ್ಲಿದ್ದುದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಕಣ ಹರಡುವ ದರವು ಕೆಲ್ವಿನ್ ಉಷ್ಣತೆಗೆ ನೇರ ಅನುಪಾತದಲ್ಲಿಯೂ ಸ್ನಿಗ್ಧತೆಗೆ ವಿಲೋಮ ಅನುಪಾತದಲ್ಲಿಯೂ ಇರುವ ಕಾರಣ, ಎರಡೂ ಸೇರಿ ಆ ದರವನ್ನು ಮೂರೂವರೆ ಪಟ್ಟಿನ ಹತ್ತಿರಕ್ಕೆ ಒಯ್ಯುತ್ತವೆ. ಆದರೂ ಕಣ ಸಾಗುವ ದೂರ ಅಷ್ಟೇ ಪಟ್ಟು ಹೆಚ್ಚುವುದಿಲ್ಲ, ಏಕೆಂದರೆ ಗುರಿಯಿಲ್ಲದ ಅಲೆದಾಟದಲ್ಲಿ ದೂರವು ಈ ದರದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ವ್ಯಾಸದ ಗೋಳವು ಒಂದು ಸೆಕೆಂಡಿನಲ್ಲಿ ಒಂದು ದಿಕ್ಕಿನ ಗುಂಟ ಸರಿಯುವುದು 20 ಡಿಗ್ರಿಯಲ್ಲಿ ಸುಮಾರು 0.9 ಮೈಕ್ರಾನ್, 80 ಡಿಗ್ರಿಯಲ್ಲಿ ಸುಮಾರು 1.7 ಮೈಕ್ರಾನ್.

ಇದನ್ನು ತೋರಿಸಲೆಂದು ಶಾಲೆಗಳಲ್ಲಿ ಬಿಸಿ ನೀರಿಗೂ ತಣ್ಣೀರಿಗೂ ಒಂದೊಂದು ಹನಿ ಶಾಯಿ ಹಾಕುವುದುಂಟು. ಬಿಸಿ ನೀರಿನಲ್ಲಿ ಬಣ್ಣ ಬೇಗ ಹರಡುವುದು ನಿಜವಾದರೂ ಅಲ್ಲಿ ಕಣ್ಣಿಗೆ ಕಾಣುವುದರಲ್ಲಿ ಬಹುಪಾಲು ಸಂವಹನ, ಎಂದರೆ ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಪ್ರವಾಹ. ಅಂಥ ಪ್ರವಾಹ ಸ್ವಲ್ಪವೂ ಇಲ್ಲದ ನೀರಿನಲ್ಲಿ, ಅಣುಗಳ ಬಡಿತವೊಂದರಿಂದಲೇ ಶಾಯಿಯ ಬಣ್ಣ ಒಂದು ಸೆಂಟಿಮೀಟರ್ ಹರಡಬೇಕಾದರೆ ಹೆಚ್ಚುಕಡಿಮೆ ಒಂದು ಇಡೀ ದಿನವೇ ಬೇಕಾಗುತ್ತದೆ.