ಎಕ್ಸ್‌ರೇ ಫೋಟೋ ಅಲ್ಲ, ನೆರಳು

ಮಂಡಿ ನೋವು ಅಂತ ಎಕ್ಸ್‌ರೇ ತೆಗೆಸುತ್ತೀರಿ. "ನಾರ್ಮಲ್ ಇದೆ" ಅಂತಾರೆ ಡಾಕ್ಟರು. ನೋವು ಮಾತ್ರ ಹಾಗೇ ಇದೆ. ಆಗ ಸಿಟ್ಟು ಬರುವುದು ಎಕ್ಸ್‌ರೇ ಮೇಲೆ, ಅಲ್ವಾ? ಪಾಪ, ಅದರದ್ದೇನೂ ತಪ್ಪಿಲ್ಲ. ಅದನ್ನು ಕ್ಯಾಮೆರಾ ಅಂದುಕೊಂಡವರು ನಾವು. ಅದು ತೋರಿಸುವುದು ಬರೀ ನೆರಳು.

ದೀಪಕ್ಕೆ ಕೈ ಅಡ್ಡ ಹಿಡಿದರೆ ಗೋಡೆ ಮೇಲೆ ಬೀಳುತ್ತದಲ್ಲ, ಅಂಥದ್ದೇ. ಕಿರಣ ದಾಟಿ ಬಂದ ಕಡೆ ಚಿತ್ರ ಕಪ್ಪು, ತಡೆದ ಕಡೆ ಬಿಳಿ. ಹಾಗಾಗಿ ಎದೆಯ ಚಿತ್ರದಲ್ಲಿ ಶ್ವಾಸಕೋಶ ಕಪ್ಪಗಿದೆ ಅಂತ ಗಾಬರಿಯಾಗಬೇಡಿ, ಅದು ಗಾಳಿ. ನ್ಯುಮೋನಿಯಾ ಆದರೆ ಅಲ್ಲಿ ಬೆಳ್ಳಗೆ ಕಾಣುತ್ತದೆ.

ಮೂಳೆ ಗಟ್ಟಿ, ಅದಕ್ಕೇ ಕಿರಣ ತಡೆಯುತ್ತದೆ ಅನ್ನುವುದು ಇನ್ನೊಂದು ತಪ್ಪು. ವಜ್ರಕ್ಕಿಂತ ಗಟ್ಟಿ ಬೇಕೇ? ವಜ್ರ ಬರೀ ಕಾರ್ಬನ್, ಎಕ್ಸ್‌ರೇ ಅದರೊಳಗೆ ಆರಾಮಾಗಿ ನುಸುಳುತ್ತದೆ. ಅದನ್ನು ಕೂರಿಸಿದ ಚಿನ್ನದ ಉಂಗುರ ಮಾತ್ರ ಅಚ್ಚ ಬಿಳಿ. ಲೆಕ್ಕಕ್ಕೆ ಬರುವುದು ಪರಮಾಣು ಸಂಖ್ಯೆ, ಅಂದರೆ ಒಂದು ಪರಮಾಣುವಿನಲ್ಲಿರುವ ಪ್ರೋಟಾನ್‌ಗಳ ಎಣಿಕೆ: ಕಾರ್ಬನ್ 6, ಮಾಂಸದಲ್ಲಿ ಹೆಚ್ಚಿರುವ ಆಕ್ಸಿಜನ್ 8, ಮೂಳೆಯ ಕ್ಯಾಲ್ಸಿಯಂ 20, ಚಿನ್ನ 79. ಪರಮಾಣುವಿನ ಒಳಸುತ್ತಿನಲ್ಲಿ ಬಿಗಿಯಾಗಿ ಕೂತ ಎಲೆಕ್ಟ್ರಾನ್ ಕಿರಣವನ್ನು ಪೂರ್ತಿ ನುಂಗಿ, ಆ ಶಕ್ತಿಯಲ್ಲೇ ಹೊರಗೆ ಹಾರಿಹೋಗುತ್ತದೆ. ಇದರ ಸಾಧ್ಯತೆ, ಅದೇ ತೂಕದಲ್ಲಿ, ಹೆಚ್ಚುಕಡಿಮೆ ಆ ಸಂಖ್ಯೆಯ ಘನದಂತೆ ಏರುತ್ತದೆ, ಅಂದರೆ ಸಂಖ್ಯೆ ಎರಡು ಪಟ್ಟಾದರೆ ಇದು ಎಂಟು ಪಟ್ಟು. ಆಕ್ಸಿಜನ್‌ಗಿಂತ ಕ್ಯಾಲ್ಸಿಯಂ ಸಂಖ್ಯೆ ಎರಡೂವರೆ ಪಟ್ಟು, ತಡೆಯುವ ಶಕ್ತಿ ಸುಮಾರು 15 ಪಟ್ಟು! ಜರಡಿಯ ಕಣ್ಣು ಚೂರೇ ಕಿರಿದಾಗಿದೆ, ಆದರೆ ಹಿಟ್ಟೆಲ್ಲ ಮೇಲೇ ನಿಂತುಬಿಟ್ಟಿದೆ ಅಂದ ಹಾಗೆ. ಹೊಟ್ಟೆ, ಕರುಳು ನೋಡಬೇಕಾದಾಗ ಬೇರಿಯಂ ಕುಡಿಸುವುದೂ ಇದಕ್ಕೇ. ಅದರ ಸಂಖ್ಯೆ 56.

ಉಂಗುರ ಅಂದಾಗ ನೆನಪಾಯಿತು. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ವಿಲ್‌ಹೆಲ್ಮ್ ರಾಂಟ್‌ಜನ್ ಗಾಳಿ ತೆಗೆದ ಗಾಜಿನ ಕೊಳವೆಗೆ ಕಪ್ಪು ರಟ್ಟು ಮುಚ್ಚಿ ಕರೆಂಟು ಕೊಟ್ಟಿದ್ದರು. ದೂರದಲ್ಲಿದ್ದ, ರಾಸಾಯನಿಕ ಬಳಿದ ಪರದೆ ಮಿನುಗಿತು. ಇದೇನು ಕಿರಣವೋ ಗೊತ್ತಾಗದೆ 'ಎಕ್ಸ್' ಅಂದರು. ಡಿಸೆಂಬರ್‌ನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದರು. ಬೆರಳ ಮೂಳೆಗಳ ನಡುವೆ ಉಂಗುರದ ನೆರಳು ದಟ್ಟವಾಗಿ ಬಿದ್ದಿತ್ತು. 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಅವರಿಗೇ ಬಂತು. ಪೇಟೆಂಟ್ ಮಾತ್ರ ಮಾಡಿಸಲೇ ಇಲ್ಲ.

ಇವತ್ತಿನ ಯಂತ್ರದಲ್ಲೂ ತತ್ವ ಅದೇ. ಎಲೆಕ್ಟ್ರಾನ್‌ಗಳನ್ನು ಹತ್ತಾರು ಸಾವಿರ ವೋಲ್ಟ್‌ಗಳಲ್ಲಿ ಓಡಿಸಿ ಟಂಗ್‌ಸ್ಟನ್ ಬಿಲ್ಲೆಗೆ ಬಡಿಸುತ್ತಾರೆ. ನೂರಕ್ಕೆ 99 ಪಾಲು ಶಕ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಒಂದೇ ಜಾಗ ಕರಗದಿರಲಿ ಅಂತ ಬಿಲ್ಲೆ ಗಿರಗಿರ ತಿರುಗುತ್ತದೆ. "ಉಸಿರು ಬಿಗಿಹಿಡಿಯಿರಿ" ಅಂದ ಹೊತ್ತಿಗೆ ಕೇಳುವ ಗುಂಯ್ ಸದ್ದು ಅದರದ್ದೇ. ಸ್ವಿಚ್ ಆರಿತೋ, ಕಿರಣವೂ ಹೋಯಿತು. ಕೋಣೆಯಲ್ಲಿ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಎದೆಯ ಒಂದು ಎಕ್ಸ್‌ರೇಯಿಂದ ತಗಲುವುದು ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ಮಣ್ಣು, ಗಾಳಿ, ಆಕಾಶದಿಂದ ಹತ್ತು ಹದಿನೈದು ದಿನದಲ್ಲಿ ಹೇಗೂ ಅಷ್ಟು ವಿಕಿರಣ ಬರುತ್ತದೆ.

ನೆರಳಿಗೆ ಆಳ ಇರುವುದಿಲ್ಲ. ಹಿಂದಿನದು, ಮುಂದಿನದು ಎಲ್ಲ ಒಂದರ ಮೇಲೊಂದು ಬೀಳುತ್ತದೆ, ಅದಕ್ಕೇ ಎರಡು ದಿಕ್ಕಿನಿಂದ ತೆಗೆಯುತ್ತಾರೆ. ಮಂಡಿಯ ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್, ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಎಲ್ಲ ಸುತ್ತಲಿನ ಮಾಂಸದಷ್ಟೇ ನೆರಳು ಬೀಳಿಸುತ್ತವೆ. ಹಾಗಾಗಿ ಬೇರೆಯಾಗಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಮೂಳೆಯೂ ಕೆಲವು ಸಲ ಆಟ ಆಡಿಸುತ್ತದೆ. ಮಣಿಕಟ್ಟಿನ ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆಯ ಬಿರುಕು ಮೊದಲ ದಿನ ಸಿಗದೇ ಹೋಗಬಹುದು. ಅನುಮಾನವಿದ್ದರೆ ಡಾಕ್ಟರು ಪಟ್ಟಿ ಕಟ್ಟಿ ಕಳಿಸುತ್ತಾರೆ. ಎರಡು ವಾರದಲ್ಲಿ ಬಿರುಕಿನ ಅಂಚು ಚೂರು ಸವೆಯುತ್ತದೆ, ಮತ್ತೆ ತೆಗೆದರೆ ಅಲ್ಲೊಂದು ಸಣ್ಣ ಕಪ್ಪು ಗೆರೆ.