ಅರಸರು ಸಾಮಾಜಿಕ ಜಾಲತಾಣದಲ್ಲಿದ್ದಿದ್ದರೆ: ಶಾಸನಗಳ ಆಧಾರದಿಂದ ಪುಟ ರಚಿಸುವ ಬಗೆ

ಇತಿಹಾಸದ ಅರಸರಿಗೆ ಸಾಮಾಜಿಕ ಜಾಲತಾಣದ ಖಾತೆ ಇದ್ದಿದ್ದರೆ ಅದರಲ್ಲಿ ಏನಿರುತ್ತಿತ್ತು ಎಂಬ ವಿಷಯವನ್ನು ಯೋಜನಾ ಕಾರ್ಯಕ್ಕೆ ಆಯ್ದುಕೊಂಡವರು, ಪುಟದ ವಿನ್ಯಾಸಕ್ಕೆ ಕೈಹಚ್ಚುವ ಮೊದಲು ಅರಸನ ಪ್ರತಿಯೊಂದು ಪೋಸ್ಟಿಗೂ ಆಧಾರ ಯಾವುದು ಎಂದು ಕೇಳಿಕೊಳ್ಳಬೇಕು. ನಮ್ಮ ಮಾತನ್ನು ಅವನ ಬಾಯಿಂದ ಆಡಿಸಿದರೆ ಅದು ಸಂಶೋಧನೆಯಾಗುವುದಿಲ್ಲ. ಅರಸರು ಜನರ ಕಣ್ಣಿಗೆ, ಕಿವಿಗೆ ತಲುಪಲೆಂದೇ ಕಲ್ಲಿನಲ್ಲಿ ಬರೆಸಿದ ಮಾತುಗಳು ಧಾರಾಳವಾಗಿ ಉಳಿದಿರುವುದರಿಂದ, ಆ ಮಾತುಗಳಿಂದಲೇ ಪುಟವನ್ನು ಕಟ್ಟುವುದು ಸಾಧ್ಯವಿದೆ. ಈ ಟಿಪ್ಪಣಿಯಲ್ಲಿ ಮುಖ್ಯವಾಗಿ ಅಶೋಕನನ್ನೂ ಬಾದಾಮಿ ಚಾಲುಕ್ಯರ ಅರಸ ಇಮ್ಮಡಿ ಪುಲಕೇಶಿಯನ್ನೂ ತೆಗೆದುಕೊಂಡಿದ್ದೇನೆ.

ಅಶೋಕನ ಪುಟಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಿರುಶಾಸನ ಒಳ್ಳೆಯ ಆರಂಭ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕ, ಎಂದರೆ ಬೌದ್ಧ ಧರ್ಮದ ಗೃಹಸ್ಥ ಅನುಯಾಯಿ, ಆಗಿದ್ದರೂ ಮೊದಲ ಒಂದು ವರ್ಷ ಹೆಚ್ಚಿನ ಶ್ರದ್ಧೆಯಿಂದ ನಡೆದುಕೊಳ್ಳಲಿಲ್ಲವೆಂದು ಅರಸನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೆ ಈ ಮಾತು ಅವನಿಂದ ನೇರವಾಗಿ ಬಂದದ್ದಲ್ಲ. ಪ್ರಾಂತದ ಕೇಂದ್ರವಾದ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲವೆಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ಹಾರೈಸಿ, ಆಮೇಲೆ ಅರಸನ ಆಜ್ಞೆಯನ್ನು ತಿಳಿಸುತ್ತಾರೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಸೇರಿಸುತ್ತಾನೆ. ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆಯುತ್ತಾನೆ. ಇದನ್ನು ನಮ್ಮ ಪುಟಕ್ಕೆ ತರುವಾಗ ಅರಸನ ಪೋಸ್ಟ್, ಪ್ರಾಂತಾಧಿಕಾರಿಗಳ ಫಾರ್ವರ್ಡ್, ಬರೆದವನ ಸಹಿ ಎಂಬ ಮೂರು ಹಂತಗಳನ್ನೂ ಬೇರೆಬೇರೆಯಾಗಿ ತೋರಿಸಬೇಕು. ಹಲವು ಸ್ಥಳಗಳಲ್ಲಿ ಕೆತ್ತಿಸಿದ ಸರಣಿಯ ಹದಿನಾಲ್ಕನೆಯ ಬಂಡೆಶಾಸನದಲ್ಲಂತೂ, ತನ್ನ ಬರಹಗಳು ಕೆಲವೆಡೆ ಸಂಕ್ಷಿಪ್ತವಾಗಿ, ಕೆಲವೆಡೆ ವಿಸ್ತಾರವಾಗಿ ಇವೆಯೆಂದೂ, ಅಪೂರ್ಣತೆಗೆ ಲಿಪಿಕಾರನ ತಪ್ಪೂ ಕಾರಣವಾಗಿರಬಹುದೆಂದೂ ಅಶೋಕನೇ ಹೇಳಿದ್ದಾನೆ.

ಈ ಯೋಜನೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಕಳಿಂಗದ ಪ್ರಸಂಗಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದಾಗ 1,50,000 ಜನರನ್ನು ಸೆರೆಹಿಡಿದು ಒಯ್ದದ್ದು, 1,00,000 ಜನ ಹತರಾದದ್ದು, ಅದಕ್ಕಿಂತ ಎಷ್ಟೋ ಪಟ್ಟು ಜನ ಸತ್ತದ್ದು, ಅದರಿಂದ ಅರಸನಿಗೆ ಪಶ್ಚಾತ್ತಾಪವಾದದ್ದು ಹದಿಮೂರನೆಯ ಬಂಡೆಶಾಸನದಲ್ಲಿದೆ. ನಾವು ಶಾಲೆಯಿಂದಲೂ ಓದುತ್ತ ಬಂದಿರುವ ಈ ಶಾಸನ ಕಳಿಂಗದಲ್ಲೇ ಇಲ್ಲ. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಹನ್ನೊಂದರಿಂದ ಹದಿಮೂರರವರೆಗಿನ ಶಾಸನಗಳನ್ನು ಬಿಟ್ಟು, ಅವುಗಳ ಬದಲು ಎರಡು ಪ್ರತ್ಯೇಕ ಶಾಸನಗಳನ್ನು ಕೆತ್ತಿಸಲಾಗಿದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಮಾತು, ಯಾರನ್ನೂ ಅನ್ಯಾಯವಾಗಿ ಬಂಧಿಸಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳಿಗೆ ಕೊಟ್ಟ ಎಚ್ಚರಿಕೆ ಅವುಗಳಲ್ಲಿವೆ. ಅದೇ ಹೊತ್ತಿಗೆ, ದೂರದ ಕಂದಹಾರದಲ್ಲಿ 1963ರಲ್ಲಿ ದೊರೆತ ಗ್ರೀಕ್ ಶಾಸನದಲ್ಲಿ ಹದಿಮೂರನೆಯ ಶಾಸನದ ಆರಂಭದ ಭಾಗವಿದ್ದು, ಕಳಿಂಗದ ಸಾವುನೋವಿನ ಲೆಕ್ಕ ಅಲ್ಲಿಯ ಗ್ರೀಕ್ ಓದುಗರಿಗೆ ಸಿಕ್ಕಿದೆ. ಅಂದರೆ ಯುದ್ಧದ ಪಶ್ಚಾತ್ತಾಪವನ್ನು ಯುದ್ಧದಲ್ಲಿ ನೊಂದವರ ಮುಂದೆ ಕೆತ್ತಿಸಿಲ್ಲ. ಯಾವ ಪೋಸ್ಟ್ ಯಾರಿಗೆ ಕಾಣಬೇಕೆಂದು ಆರಿಸುವ ಸೌಲಭ್ಯವನ್ನು ಬಳಸಿ ವಿದ್ಯಾರ್ಥಿಗಳು ತೋರಿಸಬೇಕಾದದ್ದು ಇದನ್ನೇ. ಆ ಪ್ರತ್ಯೇಕ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿವೆ. ಮುಂದೆ ದೇವರ ಮೂರ್ತಿಗೆ ಪೀಠವಾಗಿ ಬಳಕೆಯಾದ ಕಲ್ಲಿನ ಮೇಲೆ. ಕಳಿಂಗಕ್ಕೆಂದು ಬರೆಸಿದ್ದು ಭೀಮಾ ತೀರಕ್ಕೆ ಏಕೆ ಬಂತು ಎಂಬುದು ಬೇರೊಂದು ಯೋಜನೆಗೇ ಸಾಕಾಗುವ ಪ್ರಶ್ನೆ.

ಓದುಗರು ಎಂದೆನಾದರೂ, ಹೆಚ್ಚಿನವರು ಕೇಳುಗರೇ ಆಗಿದ್ದಿರಬೇಕು. ತಿಷ್ಯ (ಪುಷ್ಯ) ನಕ್ಷತ್ರದ ದಿನಗಳಲ್ಲಿ ಇದನ್ನು ಕೇಳಿಸಬೇಕು, ನಡುವೆಯೂ ಕೇಳಿಸಬಹುದು, ಒಬ್ಬನೇ ಇದ್ದರೂ ಸರಿ ಎಂದು ಪ್ರತ್ಯೇಕ ಶಾಸನ ವಿಧಿಸುತ್ತದೆ. ಆದ್ದರಿಂದ ಪುಟದಲ್ಲಿ ಲೈಕುಗಳ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ತುಂಬುವುದಕ್ಕಿಂತ, ಓದಿ ಹೇಳಿದ ಅಧಿಕಾರಿಯ ಧ್ವನಿಮುದ್ರಿಕೆಯನ್ನು ಕಲ್ಪಿಸಿ ಸೇರಿಸುವುದು ಕಾಲಕ್ಕೆ ಹೆಚ್ಚು ಹತ್ತಿರವಾಗುತ್ತದೆ.

ಇಮ್ಮಡಿ ಪುಲಕೇಶಿಯದು ಬೇರೆ ಬಗೆಯ ಖಾತೆ. ಶಕ 556ರ, ಎಂದರೆ ಕ್ರಿ.ಶ. 634-35ರ ಐಹೊಳೆ ಶಾಸನದಲ್ಲಿ ಮಾತಾಡುವವನು ಅರಸನಲ್ಲ, ಕವಿ ರವಿಕೀರ್ತಿ. ತಾನು ಕಟ್ಟಿಸಿದ ಮೇಗುಟಿಯ ಜಿನಾಲಯದ ಗೋಡೆಯ ಮೇಲೆ ಸಂಸ್ಕೃತದಲ್ಲಿ ಪ್ರಶಸ್ತಿಯನ್ನು (ಅರಸನ ಹೊಗಳಿಕೆಯ ಕಾವ್ಯ) ಬರೆಸಿ, ಭಯದಿಂದ ಉತ್ತರ ಭಾರತದ ಅರಸ ಹರ್ಷನ ಹರ್ಷವೇ ಉಡುಗಿತೆಂದು ಶ್ಲೇಷೆಯಿಂದ ಹೊಗಳಿ, ಕಾಳಿದಾಸ ಭಾರವಿಯರ ಕೀರ್ತಿಯನ್ನು ತಾನು ಪಡೆದೆನೆಂದೂ ಹೇಳಿಕೊಳ್ಳುತ್ತಾನೆ. ಇದನ್ನು ಪುಲಕೇಶಿಯ ಸ್ವಂತ ಪೋಸ್ಟ್ ಎಂದು ಹಾಕುವುದು ತಪ್ಪಾಗುತ್ತದೆ. ರವಿಕೀರ್ತಿಯ ಪುಟದಲ್ಲಿ ಅರಸನನ್ನು ಟ್ಯಾಗ್ ಮಾಡಿದ ಬರಹವೆಂದು ತೋರಿಸುವುದು ಸರಿ. ಹರ್ಷನಿಗೆ ಎದುರಾಗಿ ನಿಂತದ್ದು ಬರೀ ಕವಿಯ ಹೊಗಳಿಕೆಯಲ್ಲ ಎಂಬುದಕ್ಕೆ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹ ಸ್ವತಂತ್ರ ಸಾಕ್ಷಿಯಾಗಿರುವುದರಿಂದ, ಅದನ್ನು ಕಾಮೆಂಟಾಗಿ ಕೆಳಗೆ ಇಡಬಹುದು. ಆದರೆ ಕ್ರಿ.ಶ. 642ರ ಸುಮಾರಿನಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದ ಸುದ್ದಿ ಐಹೊಳೆಯಲ್ಲಿ ಇರಲು ಸಾಧ್ಯವೇ ಇಲ್ಲ. ಅದಕ್ಕೆ ಬಾದಾಮಿಯ ಬಂಡೆಯ ಮೇಲಿರುವ ಪಲ್ಲವ ಶಾಸನವನ್ನೂ ಪಲ್ಲವರದೇ ಆದ ಕೂರಂ ತಾಮ್ರಪಟಗಳನ್ನೂ ನೋಡಬೇಕು. ಓಡಿಹೋಗುತ್ತಿದ್ದ ಪುಲಕೇಶಿಯ ಬೆನ್ನೆಂಬ ಪಟದ ಮೇಲೆ ನರಸಿಂಹವರ್ಮ ವಿಜಯವೆಂಬ ಅಕ್ಷರಗಳನ್ನು ಬರೆದನೆಂದು ಕೂರಂ ಪಟಗಳು ವರ್ಣಿಸುತ್ತವೆ. ರವಿಕೀರ್ತಿಯ ಶ್ಲೇಷೆಯನ್ನು ಎಚ್ಚರದಿಂದ ಓದಿದಷ್ಟೇ ಎಚ್ಚರದಿಂದ ಈ ಮಾತನ್ನೂ ಓದಬೇಕು, ಏಕೆಂದರೆ ಇದೂ ಗೆದ್ದವರ ಕಡೆಯ ಪ್ರಶಸ್ತಿಯೇ.

ಪ್ರೊಫೈಲ್ ಚಿತ್ರಕ್ಕೂ ಇದೇ ನಿಯಮ. ಕೃಷ್ಣದೇವರಾಯನ ಪುಟ ರಚಿಸುವವರಿಗೆ ತಿರುಮಲೆಯ ದೇವಾಲಯದಲ್ಲಿ ಕೈಮುಗಿದು ನಿಂತ ಲೋಹದ ಪ್ರತಿಮೆಯೂ ಉಂಟು, ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದು ಬರೆದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರ್ಣನೆಯೂ ಉಂಟು. ಮೊದಲನೆಯದು ಅರಸ ದೇವರ ಮುಂದೆ ಕಾಣಬಯಸಿದ ರೂಪ, ಎರಡನೆಯದು ಹೊರಗಿನವನ ಕಣ್ಣಿಗೆ ಕಂಡ ರೂಪ. ಯಾವುದನ್ನು ಆರಿಸಿದರೂ, ಆರಿಸಿದ್ದಕ್ಕೆ ಕಾರಣವನ್ನು ವರದಿಯಲ್ಲಿ ಬರೆಯಿರಿ. ಪ್ರತಿ ಪೋಸ್ಟಿನ ಕೆಳಗೂ ಅದರ ಶಾಸನ, ಸ್ಥಳ, ಭಾಷೆ, ಕಾಲಗಳನ್ನು ನಮೂದಿಸಿ, ನೀವು ಕಲ್ಪಿಸಿ ಸೇರಿಸಿದ ಮಾತುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ.