ಹೆರಿಟೇಜ್ ಪ್ಲೇಯರ್ ಅಂದರೆ ಯಾರು? ಗೋಲ್‌ಕೀಪರ್‌ಗಳ ಮೂಲಕ ತಿಳಿಯೋಣ

ಮಹಿಳಾ ಫುಟ್‌ಬಾಲ್ ನೋಡುವವರ ಕಿವಿಗೆ ಈ ಪದ ಆಗಾಗ ಬೀಳುತ್ತದೆ: ಹೆರಿಟೇಜ್ ಪ್ಲೇಯರ್. ಹುಟ್ಟಿ ಬೆಳೆದದ್ದು ಒಂದು ದೇಶದಲ್ಲಿ, ಆಡುವುದು ಅಮ್ಮನದೋ ಅಜ್ಜನದೋ ದೇಶಕ್ಕೆ. ಅಂಥ ಆಟಗಾರ್ತಿಯನ್ನು ಹೀಗೆ ಕರೆಯುತ್ತಾರೆ. ಕನ್ನಡದಲ್ಲಿ 'ಬೇರಿನ ದೇಶದ ಆಟಗಾರ್ತಿ' ಅನ್ನಬಹುದೇನೋ. ಆದರೆ ಇದಕ್ಕೆ 'ಹೊರಗಿನವಳು' ಅನ್ನುವ ಅರ್ಥ ಹಚ್ಚಬಾರದು, ಯಾಕೆಂದರೆ ಆ ದೇಶದ ಪೌರತ್ವ ಇಲ್ಲದೆ ಯಾರೂ ಆ ತಂಡದ ಜೆರ್ಸಿ ಹಾಕಲು ಆಗುವುದಿಲ್ಲ.

ನಿಯಮ ಫಿಫಾದ್ದು. ಮೊದಲು ಆ ದೇಶದ ಕಾಯಂ ಪೌರತ್ವ ಬೇಕು. ಅದು ಹುಟ್ಟಿನಿಂದ ಬಂದಿಲ್ಲ, ಆಮೇಲೆ ಪಡೆದದ್ದು ಅಂತಾದರೆ ಇನ್ನೊಂದು ನಂಟನ್ನೂ ತೋರಿಸಬೇಕು: ತಾನು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ ಅಥವಾ ಅಮ್ಮ, ಅದೂ ಇಲ್ಲವೇ ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿರಬೇಕು. ಇದ್ಯಾವುದೂ ಇಲ್ಲದವರು ಕೆಲವು ವರ್ಷ ಅಲ್ಲೇ ನೆಲೆಸಿರಬೇಕು, 18 ದಾಟಿದ ಮೇಲೆ ಹೋದವರಿಗೆ ಅದು 5 ವರ್ಷ. ಮುತ್ತಜ್ಜಿಯ ನಂಟು ಲೆಕ್ಕಕ್ಕೆ ಬರುವುದಿಲ್ಲ.

ಈ ಪದ ಗೋಲ್‌ಕೀಪರ್‌ಗೆ ಬಂದಾಗ ಅದರ ತೂಕವೇ ಬೇರೆ. ಒಂದು ತಂಡದಲ್ಲಿ ನಾಲ್ವರು ಡಿಫೆಂಡರ್‌ಗಳಿರಬಹುದು, ಮಿಡ್‌ಫೀಲ್ಡ್‌ನಲ್ಲಿ ಮೂವರಿರಬಹುದು, ಆದರೆ ಗೋಲಿನ ಮುಂದೆ ನಿಲ್ಲುವವಳು ಒಬ್ಬಳೇ. ಅವಳನ್ನು ಸುಮ್ನೆ ಪಂದ್ಯದ ಮಧ್ಯೆ ಬದಲಾಯಿಸುವುದೂ ಇಲ್ಲ. ಅಮೆರಿಕ ತಂಡದಲ್ಲಿ ಹೋಪ್ ಸೋಲೋ ಒಬ್ಬರೇ 202 ಪಂದ್ಯ ಆಡಿದರು, ಆಮೇಲೆ ಅಲಿಸಾ ನೇಹರ್ ಆ ಜಾಗದಲ್ಲಿ ವರ್ಷಗಟ್ಟಲೆ ನಿಂತರು. ಅಂಥ ದೇಶದಲ್ಲಿ ಕಾಲೇಜು ಮಟ್ಟದಲ್ಲಿ ಚೆನ್ನಾಗಿ ಆಡುವ ಕೀಪರ್‌ಗಳು ಎಷ್ಟೋ ಜನ ಇದ್ದಾರೆ, ಎಲ್ಲರ ಕಣ್ಣೂ ಅದೊಂದೇ ಜಾಗದ ಮೇಲೆ. ಅಮ್ಮನ ದೇಶದಿಂದ ಕರೆ ಬಂದರೆ ಒಬ್ಬ ಕೀಪರ್‌ನ ಇಡೀ ಬದುಕಿನ ದಾರಿಯೇ ಬದಲಾಗುತ್ತದೆ ಅಲ್ವಾ?

ಫಿಲಿಪೀನ್ಸ್ ಗೋಲ್‌ಕೀಪರ್ ಒಲಿವಿಯಾ ಮೆಕ್‌ಡೇನಿಯಲ್ ಅವರದ್ದು ಅಂಥದ್ದೇ ದಾರಿ. ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕಾಲೇಜು ಫುಟ್‌ಬಾಲ್ ಆಡಿದ್ದು ಮಿಲ್ವಾಕಿಯಲ್ಲಿ. ತಾಯಿ ಫಿಲಿಪೀನ್ಸ್ ಮೂಲದವರು. ಆ ದೇಶದ ಸಂವಿಧಾನ ರಕ್ತಸಂಬಂಧ ನೋಡುತ್ತದೆ, ಹೆತ್ತವರಲ್ಲಿ ಒಬ್ಬರು ಅಲ್ಲಿಯ ಪ್ರಜೆಯಾಗಿದ್ದರೆ ಮಗು ಎಲ್ಲಿ ಹುಟ್ಟಿದರೂ ಪ್ರಜೆಯೇ. ಆ ತಂಡದಲ್ಲಿ ಇಂಥ ಆಟಗಾರ್ತಿಯರೇ ಜಾಸ್ತಿ.

2022ರ ಜನವರಿ 30ರಂದು ಪುಣೆಯಲ್ಲಿ ಏಷ್ಯನ್ ಕಪ್ ಕ್ವಾರ್ಟರ್ ಫೈನಲ್ ನಡೆಯಿತು. ಎದುರಾಳಿ ಚೈನೀಸ್ ತೈಪೆ, ಅಂದರೆ ತೈವಾನ್. ಗೆದ್ದರೆ ಫಿಲಿಪೀನ್ಸ್‌ಗೆ ಮೊದಲ ಸಲ ವಿಶ್ವಕಪ್ ಆಡುವ ಅವಕಾಶ. ಪಂದ್ಯ 1-1ರಲ್ಲಿ ನಿಂತು ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಮೆಕ್‌ಡೇನಿಯಲ್ ಗೋಲಿನಲ್ಲಿ ನಿಂತು ಹೊಡೆತಗಳನ್ನು ತಡೆದರು, ಅಷ್ಟು ಸಾಲದು ಅಂತ ತಾವೇ ಮುಂದೆ ಬಂದು ಒಂದು ಪೆನಾಲ್ಟಿ ಹೊಡೆದು ಗೋಲು ಮಾಡಿದರು, ಕೊನೆಯ ಹೊಡೆತವನ್ನು ಸರೀನಾ ಬೋಲ್ಡೆನ್ ಗೋಲಾಗಿಸಿದಾಗ ಲೆಕ್ಕ 4-3. ಹಾಗೆ ವಿಶ್ವಕಪ್‌ನ ಬಾಗಿಲು ತೆರೆದದ್ದು ನಮ್ಮ ಪಕ್ಕದ ರಾಜ್ಯದಲ್ಲಿ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಅದರ ಮುಂದಿನ ವರ್ಷ ವಿಶ್ವಕಪ್‌ನಲ್ಲಿ, ಜುಲೈ 25ರಂದು ವೆಲ್ಲಿಂಗ್ಟನ್‌ನಲ್ಲಿ ಫಿಲಿಪೀನ್ಸ್ ಆತಿಥೇಯ ನ್ಯೂಜಿಲೆಂಡ್ ತಂಡವನ್ನು 1-0ಯಿಂದ ಸೋಲಿಸಿತು. ಗೋಲು ಬೋಲ್ಡೆನ್‌ದು. ಆದರೆ ಆ ಒಂದು ಗೋಲನ್ನು ಕಾಪಾಡಿದ್ದು ಮೆಕ್‌ಡೇನಿಯಲ್ ಕೈಗಳು. ಪಂದ್ಯ ಮುಗಿಯುವ ಹೊತ್ತಿಗೆ ಹತ್ತಿರದಿಂದ ಬಂದ ನ್ಯೂಜಿಲೆಂಡ್‌ನ ಗ್ರೇಸ್ ಜೇಲ್ ಹೊಡೆತವನ್ನು ತಡೆದರಲ್ಲ, ಅದನ್ನು ನೋಡಿದವರು ಮರೆಯುವುದಿಲ್ಲ. ಐದು ದಿನಕ್ಕೆ ನಾರ್ವೆ ಎದುರು 0-6 ಸೋಲು ಬಂತು, ಟೂರ್ನಿ ಮುಗಿಯಿತು. ಕೀಪರ್ ಬದುಕು ಹೀಗೇ.

ಅದೇ ವಿಶ್ವಕಪ್‌ನಲ್ಲಿ ಜಮೈಕಾದ ಗೋಲಿನಲ್ಲಿ ನಿಂತವರು ಲಂಡನ್‌ನಲ್ಲಿ ಹುಟ್ಟಿದ ಬೆಕಿ ಸ್ಪೆನ್ಸರ್. ಇಂಗ್ಲೆಂಡ್‌ನ ಕಿರಿಯರ ತಂಡಗಳಿಗೆ ಆಡಿದವರು, ಹಿರಿಯರ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 30ರ ವಯಸ್ಸಿನಲ್ಲಿ ಜಮೈಕಾಕ್ಕೆ ಬಂದರು. ಫ್ರಾನ್ಸ್, ಪನಾಮಾ, ಬ್ರೆಜಿಲ್ ಇದ್ದ ಗುಂಪಿನಲ್ಲಿ ಜಮೈಕಾ ಒಂದೂ ಗೋಲು ಬಿಟ್ಟುಕೊಡದೆ ಮುಂದಿನ ಸುತ್ತಿಗೆ ಹೋಯಿತು. ಇದೇ ದಾರಿಯನ್ನು ಉಲ್ಟಾ ನಡೆದವರೂ ಇದ್ದಾರೆ: ಕರೆನ್ ಬಾರ್ಡ್‌ಸ್ಲೀ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಹೆತ್ತವರ ದೇಶವಾದ ಇಂಗ್ಲೆಂಡ್‌ಗೆ ಮೂರು ವಿಶ್ವಕಪ್ ಆಡಿದರು.

ಸ್ಪೆನ್ಸರ್ ಹೇಗೆ ತಂಡ ಬದಲಾಯಿಸಿದರು ಅಂತ ಕೇಳಿದರೆ ಇನ್ನೊಂದು ಪದ ಬರುತ್ತದೆ, 'ಕ್ಯಾಪ್-ಟೈಡ್'. ಒಂದು ದೇಶದ ಹಿರಿಯರ ತಂಡಕ್ಕೆ ಅಧಿಕೃತ ಟೂರ್ನಿಯ ಪಂದ್ಯ ಆಡಿದವಳು ಆ ದೇಶಕ್ಕೇ ಕಟ್ಟುಬಿದ್ದಳು ಅಂತ ಅರ್ಥ. ಕಿರಿಯರ ತಂಡದಲ್ಲಿ ಆಡಿದ್ದು ಹಾಗೆ ಕಟ್ಟಿಹಾಕುವುದಿಲ್ಲ. 2020ರಲ್ಲಿ ಫಿಫಾ ಈ ಗಂಟನ್ನು ಇನ್ನಷ್ಟು ಸಡಿಲಿಸಿತು. 21 ತುಂಬುವ ಮೊದಲು ಹಿರಿಯರ ತಂಡಕ್ಕೆ ಹೆಚ್ಚೆಂದರೆ 3 ಪಂದ್ಯ ಆಡಿ, ಅದಾಗಿ 3 ವರ್ಷ ಕಳೆದಿದ್ದರೆ ಒಂದು ಸಲ ಬದಲಾಯಿಸಬಹುದು. ವಿಶ್ವಕಪ್ ಅಥವಾ ಖಂಡದ ಮುಖ್ಯ ಟೂರ್ನಿಯಲ್ಲಿ ಆಡಿದ್ದರೆ ಮಾತ್ರ ಇದು ಸಿಗುವುದಿಲ್ಲ.

ಇದರಿಂದ ನೋವಾಗುವವರೂ ಇದ್ದಾರೆ. ಅಲ್ಲೇ ಹುಟ್ಟಿ, ಅಲ್ಲಿಯ ಕೆಟ್ಟ ಮೈದಾನಗಳಲ್ಲೇ ಡೈವ್ ಹೊಡೆದು ಬೆಳೆದ ಕೀಪರ್‌ಗೆ ಇರುವ ಒಂದೇ ಜಾಗ ವಿಮಾನದಲ್ಲಿ ಬಂದವಳಿಗೆ ಹೋದರೆ ಸಂಕಟ ಆಗದೇ ಇರುತ್ತದೆಯೇ? ಆ ಸಂಕಟ ನಿಜ. ಆದರೆ ಅದರ ಹೊಣೆ ಬಂದವಳ ಮೇಲಲ್ಲ, ಊರಲ್ಲಿ ಹುಡುಗಿಯರಿಗೆ ಒಳ್ಳೆಯ ಕೀಪಿಂಗ್ ಕೋಚ್ ಕೊಡದವರ ಮೇಲೆ ಅಂತ ನಾನು ಹೇಳುತ್ತೇನೆ.

ಭಾರತದ ತಂಡದಲ್ಲಿ ಈ ಪದ ಯಾಕೆ ಅಷ್ಟಾಗಿ ಕೇಳಿಸುವುದಿಲ್ಲ ಅಂದರೆ, ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವ ಅಲ್ಲ. ಜಪಾನ್‌ನಲ್ಲಿ ಹುಟ್ಟಿದ ಅರಾಟಾ ಇಝುಮಿ ಅವರ ತಂದೆ ಭಾರತೀಯ, ಆದರೂ ಅವರು ಜಪಾನ್ ಪೌರತ್ವ ಬಿಟ್ಟ ಮೇಲೆಯೇ 2013ರಲ್ಲಿ ಭಾರತದ ಪುರುಷರ ತಂಡಕ್ಕೆ ಆಡಿದರು. ಹೊರದೇಶದಲ್ಲಿ ಹುಟ್ಟಿ ಗೋಲಿನ ಮುಂದೆ ನಿಲ್ಲಲು ಕಲಿಯುತ್ತಿರುವ ಭಾರತ ಮೂಲದ ಹುಡುಗಿಯೂ ಅಜ್ಜಿಯ ದೇಶಕ್ಕೆ ಆಡಬೇಕೆಂದರೆ ಮೊದಲು ತನ್ನ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು.